ಚೆನ್ನಾಗವ್ಳೆ ಅಂದ ತಪ್ಪಿಗೆ

ನಮ್ಮ ಮನೆಯಲ್ಲಿ 'ಇಲ್ಲ', 'ಆಗಲ್ಲ', 'ಚೆನ್ನಾಗಿಲ್ಲ' ಎಂಬ ಮಾತುಗಳನ್ನು ಬಾಯಿ ಬಿಟ್ಟು ಆಡುವಂತಿರಲಿಲ್ಲ. ಅದು ಅವ್ವನ ಕಟ್ಟಳೆ. ಸೂರಿನ ಮೇಲೆ ಅಸ್ತು ದೇವತೆಗಳು ಸದಾ ಓಡಾಡುತ್ತಿರುತ್ತವೆ, ನಾವು ಕೆಟ್ಟದ್ದು ನುಡಿದ ಗಳಿಗೆಗೆ ಸರಿಯಾಗಿ ಅವು 'ಅಸ್ತು' ಅಂದುಬಿಟ್ಟರೆ ಅದು ಹಾಗೇ ಆಗಿಹೋಗುತ್ತದೆ ಎಂದು ಅವಳು ನಂಬಿದ್ದಳು. ಆದ್ದರಿಂದ ಮಡಕೆಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ತುಂಬೈತೆ" ಅನ್ನಬೇಕು. ಬಳೆ ಒಡೆದರೆ "ಬಳೆ ಹೆಚ್ತು" ಅನ್ನಬೇಕು. ಮನೆಯಿಂದ ಹೊರಟವರು ಹೋಗುತ್ತೇನೆ ಅನ್ನದೆ "ಬತ್ತೀನಿ" ಅನ್ನಬೇಕು. ಯಾರಾದರೂ ಬಾಯಿ ತಪ್ಪಿ ಅಪಶಕುನ ನುಡಿದರೆ ಅವ್ವ ಇದ್ದ ಕೆಲಸ ಬಿಟ್ಟು ಬಂದು "ಬುಡ್ತು ಅನ್ನು" ಎಂದು ಗದರಿಸಿ, ಅನ್ನಿಸಿಯೇ ಹೋಗುತ್ತಿದ್ದಳು.

ನಮ್ಮದು ಕೈಲಾಂಚದ ಕಡೆಯ ಊರು. ಒಂದಿಷ್ಟು ಹಿಪ್ಪುನೇರಳೆ, ಎರಡು ಹಸು, ಹಟ್ಟಿಯ ಹಿಂದೆ ರೇಷ್ಮೆ ಹುಳು ಸಾಕುವ ಮನೆ. ಒಂದು ಸಲ ಹುಳುವಿಗೆ ಸುಣ್ಣಕಟ್ಟು ರೋಗ ಬಂದು ತಟ್ಟೆ ತಟ್ಟೆಯೇ ಗುಂಡಿಗೆ ಸುರಿದೆವು. ಬರಿ ತಟ್ಟೆ ಹೊತ್ತುಕೊಂಡು ಬರುತ್ತಿದ್ದ ಅವ್ವನನ್ನು ದಾರಿಯಲ್ಲಿ ಯಾರೋ "ಹುಳ ಹೆಂಗವವ್ವ?" ಎಂದು ಕೇಳಿದರು. "ಚೆನ್ನಾಗವೆ ಕಣಪ್ಪ" ಅಂದಳು. ಅದು ಸುಳ್ಳು ಎಂದು ಕೇಳಿದವರಿಗೂ ಗೊತ್ತು. ಅವರೂ ಹಾಗೇ ಹೇಳುವವರೇ. ನಮ್ಮ ಕಡೆ ಆ ಮಾತಿಗೆ ಅರ್ಥ, ಇನ್ನೂ ಬದುಕಿದ್ದೇವೆ ಎಂಬಷ್ಟೇ.

ನಾನು ಬಸ್ ಕಂಡಕ್ಟರ್. ರಾಮನಗರ, ಕನಕಪುರ, ಸಾತನೂರು ಅಂತ ಇದೇ ಸುತ್ತಿನಲ್ಲಿ ಇಪ್ಪತ್ತು ವರ್ಷ ಸವೆಸಿದ್ದೇನೆ. ಚಿಲ್ಲರೆ ಕೊಡದವರ ಮೇಲೆ ಕೂಗಿ ಕೂಗಿ ನನ್ನ ದನಿ ಒಡೆದ ತಮಟೆಯಂತಾಗಿದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಡ್ರೈವರೂ ಒಂದೇ ಮಾತು ಹೇಳುತ್ತಾರೆ. ಅಪ್ಪ ನಮ್ಮನ್ನು ಬಿಟ್ಟುಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ, ಮತ್ತೆ ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ಈ ಬರಹ ಅವಳ ಕುರಿತದ್ದು. ಅವಳು ಇದನ್ನು ಓದಲಾರಳು. ನಾನು ಓದಿ ಹೇಳಬೇಕು. ಆ ಧೈರ್ಯ ಇನ್ನೂ ಬಂದಿಲ್ಲ.

ಅವಳು ಹುಟ್ಟಿದಾಗ ಬಹಳ ಹೊತ್ತು ಅಳಲಿಲ್ಲ. ಆಮೇಲೆ ಅತ್ತಳು, ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕೈಕಾಲು ಬಿಗಿ, ಕತ್ತು ನಿಲ್ಲದು, ನಾಲಿಗೆ ಹೊರಳದು. ಆಗಾಗ ಫಿಟ್ಸು. ಬುದ್ಧಿ ಮಾತ್ರ ಚುರುಕು. ಎಲ್ಲ ಕೇಳಿಸಿಕೊಳ್ಳುತ್ತಾಳೆ, ಎಲ್ಲ ತಿಳಿದುಕೊಳ್ಳುತ್ತಾಳೆ. ನಾನು ಡ್ಯೂಟಿಯಿಂದ ಬಂದು ಹೇಳುವ ಬಸ್ಸಿನ ಜಗಳಗಳಿಗೆ ಎಲ್ಲರಿಗಿಂತ ಮೊದಲು ನಗುವವಳು ಅವಳೇ. ಅವಳ ಮಾತು ಅವ್ವನಿಗೂ ನನಗೂ ಬಿಟ್ಟರೆ ಬೇರೆ ಯಾರಿಗೂ ತಿಳಿಯುವುದಿಲ್ಲ. ನನ್ನ ಹೆಂಡತಿಗೆ ಅರ್ಧಂಬರ್ಧ.

ಒಂದು ಮಾತನ್ನು ಮಾತ್ರ ಊರಿನವರೆಲ್ಲ ಬಲ್ಲರು. ಅವಳಿಗೆ ಆರೇಳು ವರ್ಷವಿದ್ದಾಗ ಅವ್ವ ಹಟ ಹಿಡಿದು ಕಲಿಸಿದ್ದು. ಬಂದವರು "ಹೆಂಗಿದಿಯವ್ವ ಮಗಾ?" ಅಂದರೆ ಸುಮ್ಮನೆ ಮುಖ ನೋಡಬಾರದು, ಉತ್ತರ ಕೊಡಬೇಕು. ಎರಡು ವರ್ಷ ಹಿಡಿಯಿತು. ಮೊದಲು ಕತ್ತು ಎತ್ತಬೇಕು, ಉಸಿರು ತುಂಬಿಕೊಳ್ಳಬೇಕು, ತುಟಿ ಕೂಡಿಸಬೇಕು. ಅಷ್ಟೆಲ್ಲ ಆದಮೇಲೆ, ಎಳೆದು ಎಳೆದು, "ಚೆನ್ನಾ... ಗಿವ್ನಿ" ಎಂದು ಬರುತ್ತಿತ್ತು. ಹೊರಗಿನವರ ಕಿವಿಗೆ ಅದು ಬರೀ ನರಳಾಟ. ಊರಿನವರಿಗೆ ಅದರ ರಾಗ ಗೊತ್ತಿತ್ತು. ಪಕ್ಕದ ಹಟ್ಟಿಯ ದೊಡ್ಡವ್ವ ದಿನಾ ಬೆಳಗ್ಗೆ ಹಾಲಿಗೆ ಬಂದಾಗ ಆ ಒಂದು ಮಾತು ಕೇಳಿಸಿಕೊಂಡೇ ಹೋಗುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ತಂಗಿಯ ಮುಖದಲ್ಲಿ ಬೆವರು ಒಡೆದಿರುತ್ತಿತ್ತು. ಸಂತೋಷವೂ ಇರುತ್ತಿತ್ತು.

ಸರ್ಕಾರದ ಆರೋಗ್ಯ ವಿಮೆಯ ಕಾರ್ಡೊಂದು ಅವಳಿಗೆ ಸಿಕ್ಕಿದ್ದು ನಮ್ಮ ಪಾಲಿನ ದೊಡ್ಡ ಪುಣ್ಯ. ಅಂಗವಿಕಲರಿಗೆಂದೇ ಇದ್ದ ಕಾರ್ಡು ಅದು. ಫಿಟ್ಸಿನ ಮಾತ್ರೆ, ಕಾಲಿಗೆ ಕಟ್ಟುವ ಪಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ವಾರಕ್ಕೆ ಎರಡು ದಿನ ರಾಮನಗರದಲ್ಲಿ ಫಿಸಿಯೋಥೆರಪಿ ಅದರಲ್ಲೇ ನಡೆಯುತ್ತಿತ್ತು. ಮಂಗಳವಾರ, ಶುಕ್ರವಾರ. ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿಸುವವರೆಗೆ ನಮ್ಮ ಡ್ರೈವರುಗಳು ಕಾಯುತ್ತಿದ್ದರು. ಅಲ್ಲಿನ ವ್ಯಾಯಾಮದ ಮೇಡಂ ಗಟ್ಟಿ ಹೆಂಗಸು. ತಂಗಿ ಕಿರುಚಿದರೂ ಬಿಡದೆ ಮಂಡಿ ಬಿಡಿಸುವರು, ಸೊಂಟ ತಿರುಗಿಸುವರು, ಬೆರಳು ಒಂದೊಂದಾಗಿ ಅರಳಿಸುವರು. "ಇವಳು ನಡೀತಾಳೆ ಅಂತ ನಾನು ಹೇಳಲ್ಲ. ಕೂರೋದನ್ನ ಬಿಡಬಾರದು, ಕೈ ಎತ್ತೋದನ್ನ ಬಿಡಬಾರದು, ಅಷ್ಟೇ ನನ್ನ ಕೆಲಸ" ಅನ್ನುತ್ತಿದ್ದರು.

ಆ ಅಷ್ಟರಿಂದ ಎಷ್ಟು ಆಯಿತು ಎಂದು ನನಗೆ ಗೊತ್ತು. ಅಲ್ಲಿಗೇ ಮಗನನ್ನು ಕರೆತರುತ್ತಿದ್ದ ಚನ್ನಪಟ್ಟಣದ ಒಬ್ಬರು ಬೊಂಬೆ ಕೆಲಸದವರು. ಗರಗರ ತಿರುಗುವ ಚರಕಿಯಲ್ಲಿ ಮರ ಕಡೆದು, ಹಿಡಿ ದಪ್ಪಗಿರುವ ಚಮಚವೊಂದನ್ನು ಮಗನಿಗೆ ಮಾಡಿದ್ದರು. ತಂಗಿಗೂ ಒಂದು ಮಾಡಿಕೊಟ್ಟರು, ಬೊಂಬೆಗೆ ಹಾಕುವ ಕೆಂಪು ಅರಗಿನ ಬಣ್ಣ ಹಾಕಿ. ಸಣ್ಣ ಚಮಚ ಅವಳ ಬೆರಳಿಗೆ ನಿಲ್ಲುತ್ತಿರಲಿಲ್ಲ, ಇದು ನಿಂತಿತು. ಆರು ತಿಂಗಳಲ್ಲಿ ಅವಳು ಅನ್ನ ಸಾರು ತಾನೇ ಉಣ್ಣಲು ಕಲಿತಳು. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ನಮ್ಮ ಕೋಳಿಗಳು ಆರಿಸುತ್ತಿದ್ದವು. ಮೂವತ್ತು ವರ್ಷ ಇನ್ನೊಬ್ಬರ ಕೈತುತ್ತು ತಿಂದವಳು ತನ್ನ ತುತ್ತನ್ನು ತಾನೇ ಎತ್ತಿದ ದಿನ ಅವ್ವ ಹುಳುವಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಹೀಗಿರುವಾಗ ಆ ಫೋನು ಬಂತು. ನಾನು ಡ್ಯೂಟಿಯಲ್ಲಿದ್ದೆ. ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎದ್ದಮೇಲೆ ಅದರ ಹಸಿವಿಗೆ ಎಷ್ಟು ಸೊಪ್ಪು ಸುರಿದರೂ ಸಾಲದು. ಅವ್ವ ಒಂದು ಕೈಯಲ್ಲಿ ಸೊಪ್ಪು ಹರಡುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡಿದಳಂತೆ. ವಿಮೆಯ ಕಡೆಯಿಂದ ಒಬ್ಬ ಹುಡುಗಿ. ಕಾರ್ಡಿನವರು ಈಗ ಹೇಗಿದ್ದಾರೆ? "ಚೆನ್ನಾಗವ್ಳೆ ಕಣವ್ವ." ಅವರೇ ಊಟ ಮಾಡುತ್ತಾರಾ? "ಓ, ಅವ್ಳೇ ಉಣ್ತಾಳೆ." ಕೂರುತ್ತಾರಾ? "ಕೂತ್ಕತಾಳೆ." ಮಾತಾಡುತ್ತಾರಾ? "ಅಯ್ಯೋ, ಬಾಯಿ ಬುಟ್ರೆ ಮುಚ್ಚಕಿಲ್ಲ!" ನೋವು ಏನಾದರೂ ಇದೆಯಾ? "ದೇವ್ರ ದಯೆ, ಏನೂ ಇಲ್ಲ ಕಣವ್ವ. ನಿಂದು ಊಟಾಯ್ತಾ?"

ಸಂಜೆ ಇದನ್ನೆಲ್ಲ ಅವ್ವ ಹೆಮ್ಮೆಯಿಂದ ಹೇಳಿದಳು. "ಸರ್ಕಾರದೋರು ಫೋನ್ ಮಾಡಿ ನಮ್ಮ ಮಗೀನ ವಿಚಾರಿಸ್ಕಂಡ್ರು ಕಣ್ಲಾ. ಯಾರು ವಿಚಾರಿಸ್ಕತಾರೆ ಈ ಕಾಲ್ದಲ್ಲಿ." ನನಗೂ ಸಂತೋಷವಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು. ನಾಲ್ಕಕ್ಷರ ಓದಿದವನು ನಾನು, ಊರೂರು ತಿರುಗುವವನು, ನನಗೂ ಏನೂ ಹೊಳೆಯಲಿಲ್ಲ. ತಂಗಿ ಕೂಡ ತನ್ನನ್ನು ವಿಚಾರಿಸಿದರೆಂದು ಅಂದು ಮಲಗುವವರೆಗೆ ನಗುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ರಾಮನಗರದಲ್ಲಿ ಕಾರ್ಡು ನಡೆಯಲಿಲ್ಲ. ಕೌಂಟರಿನವರು ಎರಡು ಸಲ ನೋಡಿ, ಮೂರನೆಯ ಸಲ ಮೇಡಂ ಅವರನ್ನು ಕರೆದರು. ಸರ್ಕಾರದವರು ವಿಮೆಯ ಯೋಜನೆಯನ್ನು ಕತ್ತರಿಸಿದ್ದರು. ಇನ್ನು ಮುಂದೆ ತೀರಾ ಗಂಭೀರ ಅನ್ನಿಸಿಕೊಂಡವರಿಗೆ ಮಾತ್ರ ಕಾರ್ಡು, ಮಾತ್ರೆಗೂ ವ್ಯಾಯಾಮಕ್ಕೂ. ಸುಧಾರಿಸಿದವರು ವ್ಯಾಯಾಮವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಯಾರು ಗಂಭೀರ, ಯಾರು ಸುಧಾರಿಸಿದವರು ಎಂದು ಫೋನು ಮಾಡಿ ವಿಂಗಡಿಸಿದ್ದರು. ತಂಗಿ ಸುಧಾರಿಸಿದವರ ಪಟ್ಟಿಯಲ್ಲಿದ್ದಳು.

ನಾನು ಕೂಗಾಡಿದೆ. ಆ ಕೌಂಟರಿನವರದ್ದೇನೂ ತಪ್ಪಿರಲಿಲ್ಲ, ಅವರು ಹೊಟ್ಟೆಪಾಡಿಗೆ ಕೂತವರು. ಆದರೂ ಕೂಗಾಡಿದೆ. ಮೇಡಂ ನನ್ನನ್ನು ಹೊರಗೆ ಕರೆದು ತಿಳಿಸಿ ಹೇಳಿದರು. ಆ ಹೊಸ ನಿಯಮ ಎಂಥ ಜಾಣರ ನಿಯಮ ಎಂದು ನನಗೆ ಆಗ ಅರ್ಥವಾಯಿತು. ವ್ಯಾಯಾಮದಿಂದ ಸುಧಾರಿಸಿದರೆ, ಸುಧಾರಿಸಿದ್ದಾರೆ, ಇನ್ನು ಬೇಡ. ಸುಧಾರಿಸದಿದ್ದರೆ, ಪ್ರಯೋಜನವಿಲ್ಲ, ಇನ್ನು ಬೇಡ. ಹಿಂಡುವ ಹಸುವಿಗೆ ಹಿಂಡಿ ಯಾಕೆ, ಹೇಗೂ ಹಾಲು ಕೊಡುತ್ತಿದೆಯಲ್ಲ ಅಂದ ಹಾಗೆ. ಸೂರು ಬೀಳದಂತೆ ನಿಲ್ಲಿಸಿದ ಕಂಬವನ್ನು, ಸೂರು ಬಿದ್ದಿಲ್ಲವಲ್ಲ ಎಂದು ಕಿತ್ತುಕೊಂಡು ಹೋಗುವ ಈ ಬುದ್ಧಿ ಯಾರ ತಲೆಯಲ್ಲಿ ಹುಟ್ಟಿತೋ, ಅವರ ಮನೆಯಲ್ಲಿ ಒಬ್ಬರೂ ಹಾಸಿಗೆ ಹಿಡಿದಿರಲಾರರು.

ಸ್ವಲ್ಪ ದಿನ ಕೈಯಿಂದ ಖರ್ಚು ಮಾಡಿ ಕರೆದೊಯ್ದೆವು. ವಾರಕ್ಕೆ ಎರಡಿದ್ದದ್ದು ಒಂದಾಯಿತು, ಹದಿನೈದು ದಿನಕ್ಕೊಂದಾಯಿತು. ಫಿಟ್ಸಿನ ಮಾತ್ರೆಯನ್ನಂತೂ ತಪ್ಪಿಸುವಂತಿಲ್ಲ. ಕಡೆಗೆ ವ್ಯಾಯಾಮ ನಿಂತಿತು. ಮೇಡಂ ಅವ್ವನಿಗೂ ನನ್ನ ಹೆಂಡತಿಗೂ ಮನೆಯಲ್ಲಿ ಮಾಡುವುದನ್ನು ತೋರಿಸಿಕೊಟ್ಟರು. ಅವ್ವನ ಕೈಗೆ ಬಲವಿದೆ. ಆದರೆ ಮಗಳು ಕಿರುಚಿದ ಕೂಡಲೇ ಆ ಕೈ ಸತ್ತುಹೋಗುತ್ತದೆ.

ನಮ್ಮಂಥವರು ಬೇರೆ ಬೇರೆ ಕಡೆ ಇದ್ದರು. ಬೊಂಬೆ ಕೆಲಸದವರೇ ಓಡಾಡಿ ಫೋನು ಮಾಡಿ ಎಲ್ಲರನ್ನೂ ಸೇರಿಸಿದರು. ಒಂದು ಸೋಮವಾರ ರಾಮನಗರದ ಸರ್ಕಾರಿ ಕಚೇರಿಯೊಂದರ ಮುಂದೆ, ಹೊಂಗೆ ಮರದ ಕೆಳಗೆ ಕೂತೆವು. ಮಾಗಡಿಯಿಂದ ಬಂದಿದ್ದರು, ಕನಕಪುರದಿಂದ, ಚನ್ನಪಟ್ಟಣದಿಂದ. ಗಾಲಿ ಕುರ್ಚಿಯಲ್ಲಿ ಬಂದವರು, ಹೆಗಲ ಮೇಲೆ ಬಂದವರು, ಆಟೋದಲ್ಲಿ ಮಲಗಿ ಬಂದವರು. ಘೋಷಣೆ ಕೂಗೋಣವೆಂದರೆ ಅರ್ಧ ಜನರಿಗೆ ಮಾತಿಲ್ಲ, ಉಳಿದರ್ಧಕ್ಕೆ ಸಂಕೋಚ. ಕೊನೆಗೆ ನನ್ನ ಒಡಕು ದನಿಯೇ ಗತಿಯಾಯಿತು. "ಕಿತ್ತ ಕಾರ್ಡು ಕೊಡಿ" ಎಂದು ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗುವ ರಾಗದಲ್ಲೇ ಕೂಗಿದೆ. ತಂಗಿಗೆ ನಗು ತಡೆಯಲಾಗಲಿಲ್ಲ.

ಬಿಸಿಲು ಏರಿದ ಮೇಲೆ, ಬುತ್ತಿ ಬಿಚ್ಚಿದಾಗ, ಮಾತು ಆ ಫೋನಿನ ಕಡೆ ತಿರುಗಿತು. ನೀವೇನಂದಿರಿ, ನೀವೇನಂದಿರಿ ಎಂದು ಒಬ್ಬರನ್ನೊಬ್ಬರು ಕೇಳಿದೆವು. ಬೊಂಬೆಯವರ ಹೆಂಡತಿ "ಪರ್ವಾಗಿಲ್ಲ, ಹುಷಾರಾಗವ್ನೆ" ಅಂದಿದ್ದರು. ಮಾಗಡಿಯಿಂದ ಬಂದ ತಾಯಿಯೊಬ್ಬರು "ನಮ್ಮ ಮಗಿಗೇನಾಗೈತೆ, ರಾಜನಂಗವ್ನೆ" ಅಂದಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಅಲ್ಲಿದ್ದವರ ಮನೆಗಳಲ್ಲೆಲ್ಲ ಅದೇ ಉತ್ತರ. ಹೇಗಿದ್ದಾರೆ ಎಂದು ಕೇಳಿದರೆ ಬೇರೆ ಏನು ಹೇಳುವುದು ಎಂದು ನಮ್ಮ ಯಾರಿಗೂ ಗೊತ್ತಿರಲಿಲ್ಲ. ಮೊದಲು ನಕ್ಕೆವು, ಆಮೇಲೆ ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿಟ್ಟೆವು. ಕನಕಪುರದ ಕಡೆಯ ಒಬ್ಬ ಹೆಂಗಸಿಗೆ ಮಾತ್ರ ಕಾರ್ಡು ಉಳಿದಿತ್ತು. ಅವತ್ತು ಫೋನು ಬಂದ ಹೊತ್ತಿಗೆ ಗಂಡನ ಜೊತೆ ಜಗಳವಾಗಿ ಅಳುತ್ತಿದ್ದಳಂತೆ, ಎಲ್ಲವನ್ನೂ ಅತ್ತುಕೊಂಡೇ ಹೇಳಿದ್ದಳಂತೆ. ಉಳಿದವರಿಗೂ ಸಿಗಲಿ ಎಂದು ಅವಳೂ ಬಂದು ನಮ್ಮ ಜೊತೆ ಬಿಸಿಲಲ್ಲಿ ಕೂತಿದ್ದಳು.

ಸಂಜೆ ಅಧಿಕಾರಿಯೊಬ್ಬರು ಬಂದು ಮನವಿ ತೆಗೆದುಕೊಂಡರು. ಒಬ್ಬೊಬ್ಬರನ್ನೇ ಕರೆಸಿ ಮರುಪರಿಶೀಲನೆ ಮಾಡುವುದಾಗಿ ಹೇಳಿದರು. ಆ ಕರೆ ನಮಗೆ ಬರುವಷ್ಟರಲ್ಲಿ ಏಳು ತಿಂಗಳು ಕಳೆದವು.

ಏಳು ತಿಂಗಳಲ್ಲಿ ಏನಾಯಿತು ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಮೊದಲು ಮಂಡಿಗಳು ಮುಚ್ಚಿಕೊಂಡವು. ಆಮೇಲೆ ಒಂದು ಕಾಲು ಇನ್ನೊಂದರ ಮೇಲೆ ಕತ್ತರಿಯಂತೆ ಏರಿತು. ಬಟ್ಟೆ ಬದಲಿಸುವುದಕ್ಕೆ ಇಬ್ಬರು ಬೇಕಾಯಿತು. ಕುರ್ಚಿಯಲ್ಲಿ ಕೂರಿಸಿದರೆ ಎಡಕ್ಕೆ ವಾಲುತ್ತಿದ್ದಳು, ದಿಂಬು ಇಟ್ಟರೆ ದಿಂಬಿನ ಸಮೇತ ವಾಲುತ್ತಿದ್ದಳು. ಆ ಕೆಂಪು ಚಮಚ ಮೊದಲು ಬಾಯಿಯವರೆಗೆ ಬರುತ್ತಿದ್ದದ್ದು ಎದೆಯವರೆಗೆ ಬಂತು, ಆಮೇಲೆ ತಟ್ಟೆ ಬಿಟ್ಟು ಏಳಲಿಲ್ಲ. ಒಂದು ದಿನ ಅವಳೇ ಮೊಣಕೈಯಿಂದ ಅದನ್ನು ಆಚೆ ತಳ್ಳಿಬಿಟ್ಟಳು. ಅವ್ವ ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, "ಇವತ್ತು ಮಗೀಗೆ ಬ್ಯಾಸರ. ನಾಳೆ ಉಣ್ತಾಳೆ" ಎಂದು ಗೋಡೆಯ ಗೂಡಿನಲ್ಲಿಟ್ಟಳು. ದಿನಾ ಹಾಗೇ ಹೇಳಿದಳು. ತಂಗಿಯಲ್ಲಿ ಯಾವುದಕ್ಕೂ ಬಗ್ಗದೆ ಉಳಿದದ್ದು ಅವ್ವ ಕಲಿಸಿದ ಆ ಒಂದೇ ಮಾತು. ದೊಡ್ಡವ್ವ ಹಾಲಿಗೆ ಬಂದು ಕೇಳಿದರೆ, ಎಷ್ಟು ಹೊತ್ತಾದರೂ ಸರಿ, ಕತ್ತು ಎತ್ತಿ, ಉಸಿರು ತುಂಬಿಕೊಂಡು, "ಚೆನ್ನಾಗಿವ್ನಿ."

ಆ ದಿನಗಳಲ್ಲಿ ನನಗೊಂದು ಹಳೆಯ ಪಾಪ ಪದೇ ಪದೇ ನೆನಪಾಗುತ್ತಿತ್ತು. ಎಷ್ಟೋ ವರ್ಷದ ಹಿಂದೆ, ಸಾತನೂರಿನಲ್ಲಿ ಒಬ್ಬ ಬಸ್ಸು ಹತ್ತಿ ಅಂಗವಿಕಲರ ಪಾಸು ತೋರಿಸಿದ. ನೆಟ್ಟಗೆ ನಡೆದು ಬಂದಿದ್ದ. "ಏನಪ್ಪ, ಚೆನ್ನಾಗಿದೀಯಲ್ಲ, ನಿಂಗ್ಯಾಕೆ ಪಾಸು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದೆ. ಅವನು ನನ್ನ ದನಿ ಬಂದ ಕಡೆ ಮುಖ ಮಾಡಿ ಹೇಳಿದ. ಬೋರ್ಡು ಓದಕ್ಕಾಗಲ್ಲ ಸಾರ್, ಎದ್ರಿಗೆ ಬಂದೋರ ಮುಖ ಕಾಣಲ್ಲ ಸಾರ್, ನನ್ನ ಮಗಳ ಮುಖ ಹೆಂಗೈತೆ ಅಂತ ನಂಗೊತ್ತಿಲ್ಲ ಸಾರ್. ನಾನು ಪಾಸು ವಾಪಸು ಕೊಟ್ಟು ಮುಂದಿನ ಸೀಟಿಗೆ ಹೋದೆ. ಅವನ ಬಾಯಿಂದ ಅದನ್ನು ಹೇಳಿಸಿದವನು ನಾನು. ಈಗ ನಮ್ಮ ಸರದಿ ಬಂದಿತ್ತು.

ಮರುಪರಿಶೀಲನೆಯ ಹಿಂದಿನ ಸಂಜೆ ಅವ್ವನಿಗೆ ಹೇಳಿಕೊಟ್ಟೆ. ನಾಳೆ ಕೇಳಿದಾಗ ಇರುವುದನ್ನು ಇರುವಂತೆ ಹೇಳಬೇಕು. ಉಣ್ಣಲ್ಲ ಅನ್ನಬೇಕು, ಕೂರಲ್ಲ ಅನ್ನಬೇಕು, ನೋವಿನಿಂದ ಅರಚುತ್ತಾಳೆ ಅನ್ನಬೇಕು.

"ಅವ್ಳ ಮುಂದ್ಗಡೆ ಹೆಂಗ್ಲಾ ಹೇಳ್ಲಿ?" ಅಂದಳು ಅವ್ವ. "ಅವ್ಳಿಗೆಲ್ಲ ತಿಳೀತದೆ. ಅವ್ಳ ಒಸಿ ಆಚೆ ಕೂರ್ಸು, ಆಮೇಕೆ ಹೇಳ್ತೀನಿ."

"ಆಗಲ್ಲ. ಅವಳೂ ಒಳಗಿರಬೇಕು, ಅವರು ನೋಡಬೇಕು."

"ನಾನು ಹಡ್ದ ದಿನದಿಂದ ಒಂದ್ಸಲಾನೂ ಅವ್ಳ ಮುಂದೆ ಆಗಲ್ಲ ಅಂದೋಳಲ್ಲ ಕಣ್ಲಾ."

ನನ್ನ ಸಿಟ್ಟು ನೆತ್ತಿಗೇರಿತು. "ನಿನ್ನ ಚೆನ್ನಾಗವ್ಳೆ, ಚೆನ್ನಾಗವ್ಳೆ ಅನ್ನೋದ್ರಿಂದ್ಲೇ ಅವಳ ಕಾಲು ಹಿಂಗಾಗಿದ್ದು!" ಅಂದುಬಿಟ್ಟೆ. ಅವ್ವ ನನ್ನನ್ನೇ ನೋಡಿದಳು. ಬುಡ್ತು ಅನ್ನು ಎಂದು ಗದರಿಸಲಿಲ್ಲ. ಎದ್ದು ಹಸುವಿಗೆ ನೀರಿಡಲು ಹೋದಳು. ಆ ಮಾತು ಆಡಬಾರದಿತ್ತು. ತಪ್ಪು ಅವಳದ್ದಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಕತ್ತರಿ ಹಿಡಿದವರು ಕೈಗೆ ಸಿಗದೆ ಅವಳು ಸಿಕ್ಕಿದಳು.

ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವ್ವ ಮಗಳಿಗೆ ಹಸಿರು ಚೂಡಿದಾರ ತೊಡಿಸಿ, ತಲೆ ಬಾಚಿ, ಕನಕಾಂಬರ ಮುಡಿಸಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕೂರಿಸಿದ್ದಳು. ಊರಿಗೆ ಹೊರಟರೆ ಹಾಗೆ ಸಿಂಗಾರವಾಗುವುದೆಂದರೆ ತಂಗಿಗೆ ಪ್ರಾಣ. ಬಾಗಿಲ ಕಡೆ ನೋಡುತ್ತಾ, ನಾನು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು. "ಅವ್ವ, ಇವತ್ತು ಇದು ಬೇಡ" ಅಂದೆ. "ಹಳೇ ನೈಟಿ ಹಾಕು. ಹೂವು ತೆಗಿ." ಅವ್ವ ಹೂವು ತೆಗೆದಳು. ಬಟ್ಟೆ ಬದಲಿಸುವಾಗ ಕಾಲು ನೊಂದು ತಂಗಿ ಅತ್ತಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾಸಿದ ನೈಟಿಯನ್ನೇ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಕೋಣೆಯಲ್ಲಿ ಮೂವರಿದ್ದರು. ಕೆಟ್ಟವರಲ್ಲ. ಒಬ್ಬರು ಎದ್ದು ಫ್ಯಾನು ಹಾಕಿದರು, ಕುಡಿಯಲು ನೀರು ಕೊಟ್ಟರು. ಡಾಕ್ಟರು ಕಾಲು ನೋಡಿ ಅಳತೆ ಬರೆದುಕೊಂಡರು. ನಡುವೆ ಕೂತಿದ್ದ ಹಿರಿಯರು ಅವ್ವನ ಕಡೆ ತಿರುಗಿ, "ಹೇಳಿ ಅಮ್ಮ, ಫೋನಲ್ಲಿ ಚೆನ್ನಾಗಿದ್ದಾಳೆ ಅಂದಿದ್ರಲ್ಲ?" ಅಂದರು.

ಅವ್ವ ಮೊದಲು ಮೇಲೆ ನೋಡಿದಳು. ಅಲ್ಲಿ ಫ್ಯಾನು ತಿರುಗುತ್ತಿತ್ತು. ಆಮೇಲೆ ಮಗಳಿಗೆ ಬೆನ್ನು ಮಾಡಿ ನಿಂತು ಶುರು ಮಾಡಿದಳು.

"ಅವ್ಳು ಉಣ್ಣಕಿಲ್ಲ ಸಾಮಿ." ಅಷ್ಟಂದು, ತುಟಿಯಲ್ಲೇ, "ಬುಡ್ತು" ಅಂದಳು. "ಕೂರಕಾಗಕಿಲ್ಲ. ಬುಡ್ತು. ಹೇಲು ಉಚ್ಚೆ ಎಲ್ಲಾ ಮಲಗಿದ್ದಲ್ಲೇ. ಬುಡ್ತು ಬುಡ್ತು. ಕಾಲು ಬಿಡಿಸಕೋದ್ರೆ ಕೋಳಿ ಕುಯ್ದಂಗೆ ಅರ್ಚ್ಕತಾಳೆ. ಬುಡ್ತು. ಚಮಚ ಹಿಡೀತಿದ್ಲು, ಈಗ ಹಿಡ್ಯಕಿಲ್ಲ. ಇನ್ಮೇಲೂ..." ಇನ್ನು ಮೇಲೂ ಹಿಡಿಯುವುದಿಲ್ಲ ಎಂಬುದನ್ನು ಹೇಳಲು ಅವಳಿಂದ ಆಗಲಿಲ್ಲ. ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಮೂವತ್ಮೂರು ವರ್ಷ ಅಸ್ತು ದೇವತೆಗಳಿಂದ ಬಚ್ಚಿಟ್ಟದ್ದನ್ನೆಲ್ಲ ಐದು ನಿಮಿಷದಲ್ಲಿ ಹೇಳಿಸಿದೆವು.

ತಂಗಿ ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಣ್ಣು ಅವ್ವನ ಬೆನ್ನ ಮೇಲೇ ಇತ್ತು.

ಆ ಹಿರಿಯರಿಗೆ ಕನಿಕರವಾಗಿರಬೇಕು. ಎದ್ದು ಬಂದು ತಂಗಿಯ ಮುಂದೆ ಬಾಗಿ, ಮೆತ್ತಗೆ, "ಹೇಗಿದ್ದೀಯಮ್ಮ?" ಅಂದರು.

ಬೇಡ, ಸುಮ್ಮನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ವಾಲಿದ್ದ ಕತ್ತನ್ನು ಇಷ್ಟಿಷ್ಟೇ ಎತ್ತಿದಳು. ಉಸಿರು ತುಂಬಿಕೊಂಡಳು. ಹಣೆಯ ನರ ಉಬ್ಬಿತು. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಆದರೆ ಎಂದಿಗಿಂತ ಸ್ಪಷ್ಟವಾಗಿ ಹೇಳಿದಳು. "ಚೆನ್ನಾ... ಗಿವ್ನಿ." ಅವ್ವ ಹೇಳಿದ್ದಷ್ಟನ್ನೂ ಆ ಒಂದು ಮಾತಿನಿಂದ ಒರೆಸಿಹಾಕಲು ಹೊರಟವಳಂತೆ ಹೇಳಿದಳು.

ಅವರಿಗೆ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಏನಂದ್ರು?" ಎಂದು ಕೇಳಿದರು.

ಅವ್ವ ಗೋಡೆಯಿಂದ ತಿರುಗಿ ನನ್ನನ್ನು ನೋಡಿದಳು. ತಂಗಿಯೂ ನೋಡಿದಳು. ಅವಳ ಮಾತನ್ನು ಲೋಕಕ್ಕೆ ಮುಟ್ಟಿಸುವವನು ನಾನು, ಹುಟ್ಟಿದಾಗಿನಿಂದ ಅವಳಿಗೆ ಅದು ಗೊತ್ತು. ಒಂದು ದಿನವೂ ಅವಳ ಮಾತನ್ನು ನಾನು ತಿರುಚಿದವನಲ್ಲ.

"ತುಂಬಾ ನೋವು ಅಂತಾಳೆ ಸಾರ್" ಅಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ತಂಗಿ ಬಾಯಿ ತೆರೆದಳು, ಮತ್ತೆ ಹೇಳಲು ಉಸಿರು ತುಂಬಿಕೊಂಡಳು, ಅರ್ಧಕ್ಕೇ ಬಿಟ್ಟಳು. ಕತ್ತು ಎದೆಯ ಮೇಲೆ ಬಿತ್ತು. ಬರುವಾಗ ಬಸ್ಸಿನಲ್ಲಿ ಅವಳಿಗೆ ಇಷ್ಟವಾದ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದಂತೆ ತಬ್ಬಿ ಹಿಡಿದಿದ್ದೆ. ಡ್ರೈವರಿನ ಮೇಲೆ ಒಂದು ತಮಾಷೆ ಮಾಡಿದೆ, ನಗಲಿಲ್ಲ.

ಎರಡು ತಿಂಗಳಿಗೆ ಕಾರ್ಡು ವಾಪಸು ಬಂತು. ಮೊದಲಿನಷ್ಟಲ್ಲ, ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕಿದ್ದರು. ಮೇಡಂ ಸೊಂಟ ಮುಟ್ಟಿ ನೋಡಿ, "ನೋವು ಕಮ್ಮಿ ಮಾಡಬಹುದು. ಕೂರೋದು ಇನ್ನು ಕಷ್ಟ" ಅಂದು ಮುಖ ತಿರುಗಿಸಿಕೊಂಡರು. ಮಾಗಡಿಯವರ ಮಗನಿಗೆ ಇನ್ನೂ ಕಾರ್ಡು ಬಂದಿಲ್ಲ. ಅದಕ್ಕೆಂದು ಹೊಂಗೆ ಮರದ ಕೆಳಗೆ ಮತ್ತೆರಡು ಸಲ ಕೂತು ಬಂದಿದ್ದೇವೆ, ಇನ್ನೂ ಕೂರುತ್ತೇವೆ. ಮುಂದಿನ ವರ್ಷ ನಮ್ಮನ್ನೂ ಮತ್ತೆ ಕರೆದು ಕೇಳುತ್ತಾರಂತೆ.

ಮೊನ್ನೆ ಕೂಟಗಲ್ಲಿನಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಬಂದವರೇ ಚಪ್ಪಲಿ ಬಿಟ್ಟು, ಮಂಚದ ಹತ್ತಿರ ಹೋಗಿ, ಎಲ್ಲರೂ ಕೇಳುವಂತೆ ಕೇಳಿದರು. "ಹೆಂಗಿದಿಯವ್ವ ಮಗಾ?"

ಹುಳುವಿನ ಮನೆಯಲ್ಲಿ ಸೊಪ್ಪು ಹರಡುತ್ತಿದ್ದ ಅವ್ವನ ಕೈ ನಿಂತದ್ದು ನನಗೆ ಕೇಳಿಸಿತು. ತಂಗಿ ಕತ್ತು ಎತ್ತಿದಳು, ಅದಕ್ಕೆ ಬಹಳ ಹೊತ್ತು ಹಿಡಿಯಿತು. ಉತ್ತರ ಹೇಳಲಿಲ್ಲ. ಕಷ್ಟಪಟ್ಟು ಮುಖವನ್ನು ನನ್ನ ಕಡೆ ತಿರುಗಿಸಿ, ನಾನು ಹೇಳಲಿ ಎಂದು ಕಾದಳು.